ಒರೆಸದ ಕತ್ತರಿ

ಐದನೆಯ ಗಿಡದ ತಂಟೆಗೆ ಹೋಗಬೇಡ ಎಂದು ಓನರಮ್ಮ ಹೇಳಿದಾಗ ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ.

ಮನೆಯ ಬೀಗದ ಕೈ ಕೊಡಲು ಬಂದಿದ್ದಳು ಆ ಮುದುಕಿ. ಬೆರಳಿನ ಗಿಣ್ಣುಗಳೆಲ್ಲ ಊದಿ ಸೊಟ್ಟಗಾಗಿ, ಬೀಗದ ಕೈಯನ್ನೇ ನೆಟ್ಟಗೆ ಹಿಡಿಯಲಾರದವಳು. ಹೊಸದಾಗಿ ಬಾಡಿಗೆಗೆ ಬಂದವರಿಗೆ ಸೋರುವ ನಲ್ಲಿ ಯಾವುದು, ಕೈಕೊಡುವ ಸ್ವಿಚ್ಚು ಯಾವುದು ಎಂದು ತೋರಿಸುವುದು ಬಿಟ್ಟು ನೇರ ಅಂಗಳಕ್ಕೆ ಕರೆದೊಯ್ದು ಬಾಕ್ಸ್‌ವುಡ್ ಗಿಡಗಳ ಪಾಠ ಶುರು ಮಾಡಿದ್ದಳು. ಗೇಟಿನಿಂದ ಹಿಂದಿನ ಗೋಡೆಯವರೆಗೆ ಒಂದೇ ಸಾಲಿನಲ್ಲಿ ಐದು ಗಿಡ. ಮೊದಲ ನಾಲ್ಕು ಸೊಂಟದೆತ್ತರದ ಹಸಿರು ಚೆಂಡುಗಳು. ಎಲೆ ಒಂದೊಂದೂ ಕಿರುಬೆರಳಿನ ಉಗುರಿನಷ್ಟು, ಕೈಯಿಟ್ಟರೆ ಒಳಗೆ ಇಳಿಯದಷ್ಟು ಒತ್ತೊತ್ತು. ಗೋಡೆಗೆ ತಾಗಿದ್ದ ಐದನೆಯದು ಮಾತ್ರ ವರ್ಷಗಟ್ಟಲೆ ಬಾಚಣಿಗೆ ಕಾಣದ ತಲೆಯ ಹಾಗೆ ಕೆದರಿಕೊಂಡು ಮಂಕಾಗಿ ನಿಂತಿತ್ತು.

ಸುಡುಬಿಸಿಲಲ್ಲಿ ಕತ್ತರಿಸಬಾರದು, ಎಲೆಯಂಚು ಕರಕಲಾಗುತ್ತದೆ, ಮೋಡ ಕವಿದ ದಿನ ನೋಡಿಕೊಳ್ಳಬೇಕು ಎಂದಳು ಓನರಮ್ಮ. ಮೇಲುಮೇಲಿನ ಚಿಗುರನ್ನೇ ಸವರುತ್ತ ಹೋದರೆ ಒಳಗೆ ಕತ್ತಲು ಕವಿದು ಗಿಡ ಟೊಳ್ಳಾಗುತ್ತದೆ, ಅಲ್ಲೊಂದು ಇಲ್ಲೊಂದು ರೆಂಬೆ ತೆಗೆದು ಬೆಳಕಿಗೆ ದಾರಿ ಮಾಡಬೇಕು. ಒಂದು ಗಿಡ ಮುಗಿದರೆ ಕತ್ತರಿಯ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಆಮೇಲೆಯೇ ಮುಂದಿನ ಗಿಡ. ಇಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು.

“ಐದನೇದನ್ನ ಮಾತ್ರ ಮುಟ್ಟಬೇಡ. ಅಕಸ್ಮಾತ್ ಕತ್ತರಿ ತಾಗಿದ್ರೆ, ಆ ಕತ್ತರಿನ ಬೇರೆ ಗಿಡಕ್ಕೆ ಹಾಕಬೇಡ.”

“ಯಾಕೆ, ಹುಳ ಬಿದ್ದಿದೆಯಾ?”

“ಮಾಟ,” ಎಂದಳು ಓನರಮ್ಮ, ಛಾವಣಿ ಸೋರುತ್ತದೆ ಎನ್ನುವಷ್ಟೇ ಸಪ್ಪೆ ದನಿಯಲ್ಲಿ.

ನರ್ಸಮ್ಮ ಇಪ್ಪತ್ತು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನಿಂತವಳು. ಕತ್ತರಿ, ಚಿಮಟ, ಚಾಕುಗಳನ್ನು ಶುದ್ಧ ಮಾಡಿ, ಬಟ್ಟೆಯಲ್ಲಿ ಕಟ್ಟಿಟ್ಟು, ಡಾಕ್ಟರು ಕೈ ಚಾಚಿದ ಕ್ಷಣಕ್ಕೆ ಸರಿಯಾಗಿ ಅಂಗೈಗೆ ಇಡುವುದು ಅವಳ ಕೆಲಸ. ಕೊಳೆ ಅಂಟಿದ ಕತ್ತರಿ ಏನು ಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಮಾಟ? ಇಷ್ಟು ಜನರ ಹೊಟ್ಟೆ ಬಗೆದದ್ದು ನೋಡಿದ್ದೇನೆ, ಒಳಗೆ ಮಾಟಗೀಟ ಯಾವತ್ತೂ ಸಿಕ್ಕಿಲ್ಲ ಎಂದು ಪಕ್ಕದಲ್ಲಿ ನಿಂತಿದ್ದ ತಂಗಿಗೆ ಕಣ್ಣು ಮಿಟುಕಿಸಿದಳು. ಎರಡು ಬೀದಿ ಆಚೆಗಿರುವ ತನ್ನ ಮನೆಗೆ ಮುದುಕಿ ಕುಂಟುತ್ತ ಹೊರಟ ಮೇಲೆ ಅವಳ ನಡಿಗೆಯನ್ನು ಅಣಕಿಸಿಯೂ ತೋರಿಸಿದಳು. ಆ ಅಣಕ ನೆನಪಾದರೆ ಅವಳಿಗೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮನೆಯಲ್ಲಿ ಇದ್ದವರು ಅವರಿಬ್ಬರೇ. ತಂಗಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಅಗಲವಾದ ಭುಜ, ಸೊಂಟ ದಾಟುವ ಜಡೆ. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು, ನರ್ಸಮ್ಮನಿಗೆ ಇಪ್ಪತ್ತೆರಡು. ಅಂದಿನಿಂದ ಆ ಜಡೆ ಹೆಣೆದವಳು ಅಕ್ಕನೇ. ನಿನ್ನ ಸಿಕ್ಕು ಬಿಡಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು ಎಂದು ದಿನಾ ಗೊಣಗುತ್ತಿದ್ದಳು. ಒಂದು ದಿನ ಗೊಣಗುವುದು ತಪ್ಪಿದರೆ ತಂಗಿಯೇ ಕೇಳುತ್ತಿದ್ದಳು, ಹುಷಾರಿಲ್ಲವಾ ಅಂತ.

ಬಂದ ವಾರದಲ್ಲೇ ತಂಗಿ ನಾಲ್ಕನೆಯ ಗಿಡವನ್ನು ತನ್ನದು ಮಾಡಿಕೊಂಡಳು. ಅದು ಅವಳ ಕಿಟಕಿಯ ಕೆಳಗೇ ಇತ್ತು. ಉಳಿದವಕ್ಕೆಲ್ಲ ಪೈಪಿನ ನೀರು, ಅದಕ್ಕೆ ಮಾತ್ರ ಸಂಜೆ ಅವಳ ಕೈಯಾರೆ ಒಂದು ಮಗ್ಗು. ಈಜುಕೊಳದಿಂದ ಬಂದವಳೇ ಒದ್ದೆ ಕೂದಲಲ್ಲೇ ಕುಕ್ಕರಗಾಲಲ್ಲಿ ಕೂತು, ಇವತ್ತು ಯಾವ ಮಗು ನೀರಿಗಿಳಿಯಲು ಎಷ್ಟು ರಂಪ ಮಾಡಿತು ಎಂದು ಗಿಡಕ್ಕೆ ವರದಿ ಒಪ್ಪಿಸುತ್ತಿದ್ದಳು. ಆ ಎಲೆಗಳದ್ದು ಬೆಕ್ಕು ಉಚ್ಚೆ ಹೊಯ್ದಂಥ ಒಗರು ವಾಸನೆ. ನರ್ಸಮ್ಮ ಮೂಗು ಮುರಿಯುತ್ತಿದ್ದಳು, ತಂಗಿ ಬೇಕೆಂದೇ ಎಲೆ ಹೊಸಕಿದ ಕೈಯನ್ನು ಅಕ್ಕನ ಮೂಗಿಗೆ ಹಿಡಿಯುತ್ತಿದ್ದಳು.

ಮೋಡ ಕವಿದ ಒಂದು ಭಾನುವಾರ ನರ್ಸಮ್ಮ ದೊಡ್ಡ ಕತ್ತರಿ ಹಿಡಿದಳು. ಅವಳಿಗೆ ಎಲ್ಲವೂ ಒಂದೇ ಮಟ್ಟಕ್ಕೆ ಇರಬೇಕು. ಗೋಡೆಯ ಮೊಳೆಗೆ ದಾರ ಕಟ್ಟಿ, ಗಿಡಗಳ ನೆತ್ತಿಯ ಮೇಲಿಂದ ಗೇಟಿನವರೆಗೆ ಎಳೆದಳು. ಐದನೆಯ ಗಿಡದ ಕೆದರಿದ ತಲೆ ದಾರವನ್ನು ಮೇಲಕ್ಕೆ ಎತ್ತಿ ಹಿಡಿದುಬಿಟ್ಟಿತು. ಇಡೀ ಸಾಲು ಸೊಟ್ಟ. ಎರಡು ಸಲ ದಾರ ಬಿಚ್ಚಿ ಕಟ್ಟಿದಳು. ಮೂರನೆಯ ಸಲ ಅವಳ ತಾಳ್ಮೆ ಕೆಟ್ಟಿತು.

ಕಚಕ್. ಒದ್ದೆ ಬಟ್ಟೆ ಕತ್ತರಿಸಿದ ಸದ್ದು. ಕಚಕ್, ಕಚಕ್. ಗಿಡದ ಹೊಟ್ಟೆಯೊಳಗಿನಿಂದ ವಾಸನೆ ಭಗ್ಗೆಂದು ಮುಖಕ್ಕೆ ಹೊಡೆಯಿತು. ಬೆಕ್ಕಿನ ಒಗರಲ್ಲ, ಅದರಡಿಯಲ್ಲಿ ಇನ್ನೇನೋ, ವಾರ್ಡಿನಲ್ಲಿ ಬಹಳ ದಿನ ಮಲಗಿದವರ ತಲೆದಿಂಬಿನದು. ಐದಾರು ರೆಂಬೆ ಬಿದ್ದವು. ದಾರ ಕೆಳಗಿಳಿದು ನೆಟ್ಟಗಾಯಿತು. ಸ್ಪಿರಿಟ್ಟಿನ ಬಾಟಲಿ ಮೆಟ್ಟಿಲ ಮೇಲಿತ್ತು, ಹತ್ತು ಹೆಜ್ಜೆ. ನರ್ಸಮ್ಮ ಅದನ್ನು ನೋಡಿದಳು. ಮುದುಕಿಯ ಮಾಟಕ್ಕೆ ಹೆದರಿ ಹತ್ತು ಹೆಜ್ಜೆ ನಡೆಯುವುದು ಅವಳಿಗೆ ಅವಮಾನವೆನಿಸಿತು. ಅದೇ ಕತ್ತರಿಯಲ್ಲಿ ತಂಗಿಯ ಗಿಡವನ್ನು ಸುತ್ತಲೂ ಸವರಿದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ತುರ್ತು ಕರೆ ಬಂತು, ಉಳಿದ ಮೂರನ್ನು ಹಾಗೆಯೇ ಬಿಟ್ಟು ಓಡಿದಳು.

ಮೊದಲು ಶುದ್ಧವಾದದ್ದು, ಕೊನೆಗೆ ಕೊಳೆಯದ್ದು. ಥಿಯೇಟರಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು. ಅದನ್ನು ತಪ್ಪಿದವರನ್ನು ಅಳುವವರೆಗೆ ಬೈದಿದ್ದಳು.

ಮುಂದಿನ ವಾರ ಬಚ್ಚಲ ಜಾಲರಿಯಲ್ಲಿ ಕೂದಲು ಕಟ್ಟಿಕೊಂಡಿತು. ಕೊಳದ ನೀರಿನ ಔಷಧಿ ಎಂದುಕೊಂಡರು. ಆಮೇಲೆ ತಂಗಿಯ ಮೊಣಕಾಲ ಕೆಳಗೆ ಕಪ್ಪು ಚುಕ್ಕೆ ಎದ್ದವು, ಸಾಸಿವೆಯಷ್ಟು, ನಂತರ ಬಟಾಣಿಯಷ್ಟು. ತೋಳಿನ ಒಳಗಡೆ ಉದ್ದುದ್ದ ಕಪ್ಪು ಗೆರೆ. ಕೊಳದ ಈ ಬದಿಯಿಂದ ಆ ಬದಿಗೆ ಇಪ್ಪತ್ತು ಸಲ ಹೋಗಿಬರುತ್ತಿದ್ದವಳು ಅರ್ಧದಲ್ಲೇ ಕಂಬಿ ಹಿಡಿದು ನಿಂತಳಂತೆ. ಮಕ್ಕಳ ಜವಾಬ್ದಾರಿ ಇರುವ ಕೆಲಸ, ವಾಸಿಯಾಗುವವರೆಗೆ ಬರಬೇಡ ಎಂದರು. ನರ್ಸಮ್ಮ ತನಗೆ ಗೊತ್ತಿದ್ದ ಡಾಕ್ಟರರನ್ನೆಲ್ಲ ಹಿಡಿದಳು. ರಕ್ತ, ಎಲುಬು, ಚರ್ಮ, ಎಲ್ಲ ಪರೀಕ್ಷೆಯೂ ಆಯಿತು. ಏನೂ ಇಲ್ಲ ಎಂದರು. ಏನೂ ಇಲ್ಲದೆ ತಂಗಿ ದಿನಕ್ಕಿಷ್ಟು ಕರಗುತ್ತಿದ್ದಳು.

ಅಂಗಳದಲ್ಲಿ ನಾಲ್ಕನೆಯ ಗಿಡದ ಎಲೆಗಳ ಮೇಲೆ ಕಪ್ಪು ಚುಕ್ಕೆ. ಕಾಂಡದ ಮೇಲೆ ಕಪ್ಪು ಗೆರೆ. ಬುಡದ ಸುತ್ತ ಉದುರಿದ ಎಲೆ. ಪಕ್ಕದಲ್ಲಿ, ಗೋಡೆಗೆ ತಾಗಿದ್ದ ಐದನೆಯ ಗಿಡ ಎಳೆಹಸಿರು ಚಿಗುರು ಹೊತ್ತು ನಳನಳಿಸುತ್ತಿತ್ತು.

ನರ್ಸಮ್ಮ ಅದನ್ನು ದಿನಾ ನೋಡಿದಳು. ಗಿಡಕ್ಕೆ ರೋಗ, ಕತ್ತರಿಯಿಂದ ಹರಡಿದೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟೇ ಆಗಿದ್ದರೆ ತಂಗಿಗೆ ಹೇಳಬಹುದಿತ್ತು. ಹೇಳಲಿಲ್ಲ. ತಲೆದಿಂಬಿನ ಮೇಲಿನ ಕೂದಲನ್ನು ಅವಳು ಏಳುವ ಮೊದಲೇ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಆ ದಿಂಬಿಗೂ ಬೆಕ್ಕಿನ ಒಗರು ಹತ್ತಿತ್ತು. ಜೇಬಿನಲ್ಲಿ ಕೂದಲಿಟ್ಟುಕೊಂಡೇ ಡ್ಯೂಟಿಗೆ ಹೋಗುತ್ತಿದ್ದಳು, ಕದ್ದ ವಸ್ತು ಇಟ್ಟುಕೊಂಡವಳ ಹಾಗೆ.

ಒಂದು ಮಧ್ಯಾಹ್ನ ತಂಗಿಗೆ ಹಣ್ಣು ಹೆಚ್ಚಿಕೊಡುತ್ತಿದ್ದಾಗ ಅವಳು ಕಿಟಕಿಯ ಕಡೆ ತಲೆ ತಿರುಗಿಸಿದಳು.

“ಅಕ್ಕ, ಗಿಡ ಕತ್ತರಿಸ್ತಿರೋದು ಯಾರು?”

“ಯಾರೂ ಇಲ್ಲ. ಮಲ್ಕೋ.”

“ದಿನಾ ಕತ್ತರಿಸ್ತಾರೆ.”

ಆಗ ನರ್ಸಮ್ಮನಿಗೂ ಕೇಳಿಸಿತು. ಕಚಕ್. ಸ್ವಲ್ಪ ಬಿಟ್ಟು, ಕಚಕ್. ಪ್ರತಿ ಸದ್ದಿಗೂ ತಂಗಿಯ ರೆಪ್ಪೆ ಅದುರುತ್ತಿತ್ತು. ದೊಡ್ಡ ಕತ್ತರಿ ಅಡುಗೆಮನೆಯ ಮೂಲೆಯ ಪೆಟ್ಟಿಗೆಯಲ್ಲಿತ್ತು, ಬೀಗ ಹಾಕಿತ್ತು. ನರ್ಸಮ್ಮ ಅದನ್ನು ಮುಟ್ಟಿ ನೋಡಿಯೇ ಹೊರಗೆ ಬಂದಳು. ಅಂಗಳದಲ್ಲಿ ಯಾರೂ ಇಲ್ಲ. ಬೀದಿಯೂ ಖಾಲಿ. ಗಾಳಿಯಿಲ್ಲ. ನಾಲ್ಕನೆಯ ಗಿಡ ಮಾತ್ರ ಒಳಗಿನಿಂದ ಅಲುಗಿತು.

ಮಂಡಿಯೂರಿದಳು. ಎರಡೂ ಕೈಯಿಂದ ಎಲೆ ಸರಿಸಿದಳು. ಒಳಗೆ ಕತ್ತಲು. ಹಗಲಿನ ನಡುವೆ ಅಷ್ಟು ಕತ್ತಲು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಕೈಯನ್ನು ಮೊಣಕೈವರೆಗೆ ಇಳಿಸಿದಳು. ಒಣ ಕಡ್ಡಿ. ಇನ್ನಷ್ಟು ಕಡ್ಡಿ. ಆಮೇಲೆ ಮೆತ್ತಗಿನದು. ಬೆಚ್ಚಗಿತ್ತು. ಎಳೆ ಎಳೆಯಾಗಿ ಬೆರಳಿಗೆ ಸುತ್ತಿಕೊಂಡಿತು. ಅವಳಿಗೆ ಗೊತ್ತಾಯಿತು. ಇಪ್ಪತ್ತು ವರ್ಷ ಸಿಕ್ಕು ಬಿಡಿಸಿದ ಬೆರಳಿಗೆ ಗೊತ್ತಾಗದೆ ಇರುತ್ತದೆಯೇ. ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಮನೆಯೊಳಗಿನಿಂದ ತಂಗಿ ಚೀರಿದಳು.

ಕೈ ಬಿಟ್ಟಳು. ಚೀರು ನಿಂತಿತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

ಓನರಮ್ಮನ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲ ಪಕ್ಕದ ಕುಂಡದಲ್ಲಿ ಒಂದು ಚಿಕ್ಕ ಬಾಕ್ಸ್‌ವುಡ್. ನರ್ಸಮ್ಮ ನಿಂತಲ್ಲೇ ಎಲ್ಲ ಒಪ್ಪಿಕೊಂಡಳು, ದಾರ, ಬಾಟಲಿ, ಹತ್ತು ಹೆಜ್ಜೆ, ಕೂದಲು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿ ತೋರಿಸಿ ತನ್ನ ಕತೆ ಹೇಳಿದಳು. ಅವಳಿಗೊಬ್ಬಳು ಓರಗಿತ್ತಿ ಇದ್ದಳಂತೆ, ಎಲ್ಲದರಲ್ಲೂ ಇವಳಿಗಿಂತ ಒಂದು ಕೈ ಮೇಲು. ಹೊಟ್ಟೆಕಿಚ್ಚಿಗೆ ಇವಳು ಮಾಟಗಾರನ ಹತ್ತಿರ ಹೋದಳು. ಓರಗಿತ್ತಿಯ ಕೂದಲು, ಉಗುರು ತಂದು ಅವಳೇ ನೀರೆರೆದು ಸಾಕುತ್ತಿದ್ದ ಗಿಡದ ಬುಡದಲ್ಲಿ ಹೂಳು ಎಂದ ಅವನು. ಆಮೇಲೆ ಆ ಗಿಡವನ್ನು ಎಷ್ಟು ಸವರುತ್ತೀಯೋ ಅಷ್ಟು ಅವಳು ಸವೆಯುತ್ತಾಳೆ. ಸವರಿದಳು. ಓರಗಿತ್ತಿ ಸವೆದು ಹೋದಳು. ಆದರೆ ಒಂದು ದಿನ ಅದೇ ಕತ್ತರಿ ಪಕ್ಕದ ಗಿಡಕ್ಕೂ ತಾಗಿತು. ಅದು ಇವಳ ಮಗಳು ನೀರೆರೆಯುತ್ತಿದ್ದ ಗಿಡ.

ಅದು ಸಾಯುವುದಿಲ್ಲ ಎಂದಳು ಓನರಮ್ಮ. ಸುಟ್ಟರೆ ಹೊಗೆ ಹೋದ ಕಡೆ ಹೋಗುತ್ತದೆ. ಕತ್ತರಿಯಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಸಾಗಿಸಬಹುದು, ಹಾಗೆ ಸಾಗಿಸಿದರೆ ಹಿಂದಿನದು ಪೂರ್ತಿ ಖಾಲಿ. ಮಗಳ ಗಿಡದಿಂದ ತೆಗೆದು ಗಂಡನ ಗಿಡಕ್ಕೆ ಹಾಕಿದಳು. ಅವರು ಒಪ್ಪಿದ್ದರು ಎಂದಳು. ಮಗಳು ಉಳಿದಳು, ಈಗ ದೂರದ ಊರಲ್ಲಿದ್ದಾಳೆ. ಗಂಡ ಹೋದ ಮೇಲೆ ಅದು ಅವರದೇ ಆದ ಆ ಐದನೆಯ ಗಿಡದಲ್ಲಿ ಮೂವತ್ತು ವರ್ಷ ಮಲಗಿತ್ತು, ನರ್ಸಮ್ಮ ಎಬ್ಬಿಸುವವರೆಗೆ.

“ನಾನೂ ಒಂದು ಗಿಡಕ್ಕೆ ನೀರೆರೆದು, ಅದಕ್ಕೆ ಹಾಕ್ಕೋತೀನಿ,” ಎಂದಳು ನರ್ಸಮ್ಮ.

“ಕತ್ತರಿ ಹಿಡಿದ ಕೈಗೆ ಅದು ತಾಗಲ್ಲ. ನಾನು ಮಾಡಿ ನೋಡಿದೀನಿ.” ಮುದುಕಿ ಬಾಗಿಲ ಕಡೆ ಬೆರಳು ತೋರಿಸಿದಳು. “ಆ ಕುಂಡದ್ದು ನಂದು. ಇಷ್ಟು ವರ್ಷ ಅದಕ್ಕೆ ಅಂತಾನೇ ನೀರು ಹಾಕಿದ್ದು. ತಂದು ಅದಕ್ಕೆ ಹಾಕು.”

ನರ್ಸಮ್ಮ ಮುದುಕಿಯ ಮಾತು ನಂಬಲಿಲ್ಲ, ಅಥವಾ ನಂಬಲು ಮನಸ್ಸಾಗಲಿಲ್ಲ. ಅಂದೇ ಗೇಟಿನ ಬಳಿಯ ಗಿಡಕ್ಕೆ ತಾನೇ ನೀರೆರೆಯಲು ಶುರು ಮಾಡಿ, ಹದಿನೈದು ದಿನ ಎರೆದು, ತಂಗಿಯ ಗಿಡದ ಕಪ್ಪು ರೆಂಬೆ ಕತ್ತರಿಸಿದ ಅಲಗನ್ನು ಅದಕ್ಕೆ ಹಾಕಿದಳು. ಅದು ಹಸಿರಾಗಿಯೇ ನಿಂತಿತು. ಒಂದು ಚುಕ್ಕೆಯಿಲ್ಲ. ಅಂದು ಸಂಜೆ ತಂಗಿಗೆ ಲೋಟ ಎತ್ತಲೂ ಆಗಲಿಲ್ಲ. ತಲೆಯ ಮೇಲೆ ಒಂದು ಹಿಡಿಯಷ್ಟು ಕೂದಲು ಉಳಿದಿತ್ತು. ಅಕ್ಕ, ನನ್ನ ಜಡೆ ಹೆಣೆದುಬಿಡು, ಇರುವಷ್ಟನ್ನೇ ಹೆಣೆ ಎಂದಳು. ನರ್ಸಮ್ಮ ಹೆಣೆದಳು, ಗೊಣಗಲು ಪ್ರಯತ್ನಿಸಿದಳು, ಬಿಡಿಸಲು ಸಿಕ್ಕೇ ಇರಲಿಲ್ಲ.

ರಾತ್ರಿಯೇ ಓನರಮ್ಮನಿಗೆ ಹೇಳಿಬಂದು, ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ತಂಗಿಯ ಗಿಡದ ಅತಿ ಕಪ್ಪಗಿನ ರೆಂಬೆಗೆ ಕತ್ತರಿ ಹಾಕಿದಳು. ಅಲಗಿನ ಮೇಲೆ ತೆಳ್ಳಗೆ ಕಪ್ಪು ನೀರು ಉಳಿಯಿತು. ಅದನ್ನು ಒರೆಸದೆ, ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು ಬೀದಿಗಿಳಿದಳು. ಥಿಯೇಟರಿನಲ್ಲಿ ಕೈ ತೊಳೆದ ಮೇಲೆ ಹಾಗೆಯೇ ನಡೆಯುತ್ತಾರೆ, ಏನಕ್ಕೂ ತಾಗದಂತೆ. ಅಲ್ಲಿ ಕೈ ಕೊಳೆಯಾಗದಿರಲಿ ಎಂದು, ಇಲ್ಲಿ ಬೇರೆ ಯಾರಿಗೂ ಕೊಳೆ ತಾಗದಿರಲಿ ಎಂದು. ಎರಡು ಬೀದಿ. ಬೇಲಿಯಿಂದ ಚಾಚಿದ ಒಂದು ಬಳ್ಳಿ. ಬಗ್ಗಿ ದಾಟಿದಳು. ಕೈಯಲ್ಲಿ ಹೂಗೊಂಚಲು ಹಿಡಿದ ಹೆಂಗಸು. ಗೋಡೆಗೆ ಬೆನ್ನು ಒತ್ತಿ ಅವಳನ್ನು ಹೋಗಗೊಟ್ಟಳು. ಅಲಗು ಭಾರವಾಗುತ್ತ ಬಂತು. ಒಳಗೆ ಏನೋ ಉಸಿರಾಡುವ ಹಾಗೆ ಹಿಡಿ ಬಿಸಿಯಾಗುತ್ತಿತ್ತು. ಒಂದು ಮಹಡಿ. ಎರಡು. ಮೂರು.

ಓನರಮ್ಮ ಕುಂಡದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಕಾಯುತ್ತಿದ್ದಳು. ಹೂಂ ಎಂಬಂತೆ ತಲೆ ಆಡಿಸಿದಳು. ನರ್ಸಮ್ಮ ಮಂಡಿಯೂರಿ ಕತ್ತರಿಯ ಬಾಯಿ ತೆರೆದಳು. ವಾಸನೆ ಮೆಟ್ಟಿಲೆಲ್ಲ ತುಂಬಿತು. ಕುಂಡದ ಗಿಡ ನಡುಗಿತು. ಅದನ್ನು ನೋಡಿ ಮುದುಕಿ ಸೊಟ್ಟ ಬೆರಳುಗಳಿಂದ ಕುರ್ಚಿಯ ಅಂಚು ಹಿಡಿದಳು.

“ಬೇಡ,” ಎಂದಳು ಓನರಮ್ಮ.

ಮೆಲ್ಲಗೆ ಅಂದಳು. ಆದರೆ ಅಂದಳು.

ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರು ಕೊನೆಯ ಗಳಿಗೆಯಲ್ಲಿ ಹಾಗೆ ಅನ್ನುವುದುಂಟು. ಒಮ್ಮೆ ಅಂಥ ಒಂದು ಮಾತಿಗೆ ನರ್ಸಮ್ಮ ಹಿರಿಯ ಸರ್ಜನ್ನರ ಕೈಯನ್ನೇ ತಡೆದು ನಿಲ್ಲಿಸಿದ್ದಳು. ರೋಗಿ ಬೇಡ ಎಂದರೆ ಬೇಡ, ಚಾಕು ಕೆಳಗಿಡಬೇಕು. ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕಣ್ಣ ಮುಂದೆ ಒಂದು ಹಿಡಿ ಕೂದಲಿನ ಜಡೆ. ಅವಳು ತಲೆ ಎತ್ತಲಿಲ್ಲ.

ಕಚಕ್.

ಮುದುಕಿ ಉಸಿರೊಂದನ್ನು ಒಳಗೆಳೆದುಕೊಂಡಳು, ತಣ್ಣೀರು ಮೈಮೇಲೆ ಬಿದ್ದಾಗಿನಂತೆ. ಕತ್ತರಿ ಹಗುರವಾಯಿತು. ನರ್ಸಮ್ಮ ತಲೆ ತಗ್ಗಿಸಿಯೇ ಮೆಟ್ಟಿಲಿಳಿದಳು. ಏನಾಯಿತು ಎಂದು ತಿರುಗಿ ನೋಡಲೂ ಇಲ್ಲ.

ಮೂರು ದಿನಕ್ಕೆ ತಂಗಿ ಎದ್ದು ಕೂತಳು. ವಾರಕ್ಕೆ ಚುಕ್ಕೆ ಮಾಸಿದವು. ಎರಡು ತಿಂಗಳಲ್ಲಿ ತಲೆಯ ಮೇಲೆ ಬೆರಳುದ್ದ ಕೂದಲು ಬಂದು, ಗಂಡುಮಕ್ಕಳ ಹಾಗೆ ಕಾಣುತ್ತೇನೆ ಎಂದು ಕನ್ನಡಿ ಮುಂದೆ ನಿಂತು ನಕ್ಕಳು, ಕೊಳಕ್ಕೆ ವಾಪಸು ಹೋದಳು. ನಾಲ್ಕನೆಯ ಗಿಡವೂ ಚಿಗುರಿತು. ನೀನಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಅಕ್ಕನ ಕೊರಳಿಗೆ ಬಿದ್ದಾಗ ನರ್ಸಮ್ಮ ಮರದ ಹಾಗೆ ನಿಂತಿದ್ದಳು. ನಾನಿಲ್ಲದಿದ್ದರೆ ನಿನಗೆ ಇದು ಬರುತ್ತಲೇ ಇರಲಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕೂತಿತು.

ದಿನವೂ ಡ್ಯೂಟಿಗೆ ಹೋಗುವ ಮೊದಲು, ಬಂದ ಮೇಲೆ, ನರ್ಸಮ್ಮ ಮೂರು ಮಹಡಿ ಹತ್ತುತ್ತಾಳೆ. ಓನರಮ್ಮನ ಮೈ ಒರೆಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ, ಹಾಲು ಕುಡಿಸುತ್ತಾಳೆ. ಮುದುಕಿಯ ತಲೆ ಬೋಳಾಗಿದೆ. ತೋಳಿನ ಗೆರೆಗಳು ಕೊರಳವರೆಗೆ ಏರಿವೆ. ಹೆತ್ತ ಮಗಳೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ಅಕ್ಕಪಕ್ಕದವರು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನರ್ಸಮ್ಮನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಗುತ್ತದೆ, ಆದರೂ ಅವರು ಹೊಗಳುವುದನ್ನು ನಿಲ್ಲಿಸಿದರೆ ಗುಟ್ಟು ತಿಳಿದುಬಿಟ್ಟಿತೇನೋ ಎಂಬ ಭಯ. ಓನರಮ್ಮ ಯಾರಿಗೂ ಏನೂ ಹೇಳಲಿಲ್ಲ. ನರ್ಸಮ್ಮನ ಜೊತೆಗೂ ಆ ಬೆಳಿಗ್ಗೆಯ ಮಾತು ಎತ್ತಲಿಲ್ಲ, ನಿನ್ನೆಯವರೆಗೆ.

ನಿನ್ನೆ ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದಾಗ ಕಣ್ಣು ತೆರೆದಳು.

“ಅವತ್ತು ನಾನು ಬೇಡ ಅಂದೆ. ನಿಂಗೆ ಕೇಳಿಸ್ತಾ?”

ನರ್ಸಮ್ಮನ ಕೈ ಅವಳ ಕೆನ್ನೆಯ ಮೇಲೆಯೇ ನಿಂತಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಇಲ್ಲ,” ಎಂದಳು.

ಓನರಮ್ಮ ಕಣ್ಣು ಮುಚ್ಚಿ ತೆರೆದಳು.

“ಒಳ್ಳೇದಾಯ್ತು ಬಿಡು. ನಮ್ಮ ಮನೆಯವರೂ ಕೊನೇಲಿ ಬೇಡ ಅಂದಿದ್ರು. ನಂಗೆ ಕೇಳಿಸಿತ್ತು.”

ನರ್ಸಮ್ಮ ಬಟ್ಟೆ ಕೆಳಗಿಟ್ಟು ಹಾಲಿನ ಲೋಟ ಎತ್ತಿ ಅವಳ ತುಟಿಗೆ ಹಿಡಿದಳು. ಹಾಲು ಗದ್ದದ ಮೇಲೆ ಇಳಿಯಿತು. ಓನರಮ್ಮ ಕುಡಿಯಲಿಲ್ಲ, ಅವತ್ತು ಕತ್ತರಿ ಹಿಡಿದಿದ್ದ ಆ ಕೈಯನ್ನೇ ನೋಡುತ್ತಿದ್ದಳು.